ಯುರೋಪಿನ ಡೇರಿಗೆ ಹಾಲು

ಕೋವಿಡ್ ಬಂದ ವರ್ಷ ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ಕ್ರೊಯೇಷಿಯಾದ ಹೆಂಗಸು. ನನಗೆ ವಿಚ್ಛೇದನವಾಗಿತ್ತು, ಮಗಳು ಅವಳಮ್ಮನ ಜೊತೆ ದೂರದ ಎಲ್ ಸೆಗುಂಡೋದಲ್ಲಿದ್ದಳು. ನಾನು ದಿನಕ್ಕೊಂದು ಕಾಯಿಲೆ ಮನಸ್ಸಲ್ಲೇ ಅಂಟಿಸಿಕೊಂಡು ಕೂತಿದ್ದೆ. ಎಪ್ಪತ್ತು ದಾಟಿದ ಆಕೆಯನ್ನು ಅಭ್ಯಾಸಬಲದಿಂದ ಆಂಟಿ ಅಂದೆ. "ಯಾವ ಕಡೆಯಿಂದ ನಾನು ನಿನಗೆ ಆಂಟಿ?" ಅಂತ ರೇಗಿಸಿ, ಆಮೇಲೆ ಒಪ್ಪಿಕೊಂಡರು. ಶನಿವಾರ ಬೆಳಿಗ್ಗೆ ಬೇಲಿಯಾಚೆ ಅವರು, ಈಚೆ ನಾನು, ಇಬ್ಬರ ಕೈಯಲ್ಲೂ ಕಾಫಿ.

ತೊಂಬತ್ತರ ದಶಕದ ಯುದ್ಧದಲ್ಲಿ ಕ್ರೊಯೇಷಿಯಾದ ಅವರ ಮನೆಯ ಸೂರು ಹಾರಿಹೋಗಿತ್ತು. ಈಗ ಅದೇ ಮನೆಗೆ ತಂಗಿ ಹೊಸ ಹೆಂಚು ಹೊದಿಸಿ, ಕೋಣೆಗಳನ್ನು ಟೂರಿಸ್ಟುಗಳಿಗೆ ಕೊಡುತ್ತಿದ್ದಳು. "ಒಕ್ಕೂಟ ಸೇರಿದ್ಮೇಲೆ ನಮ್ಮೂರು ಎದ್ದು ನಿಂತಿತು," ಅಂದರು.

ಅವರು ಹೇಳಿದ್ದು ಐರೋಪ್ಯ ಒಕ್ಕೂಟ. ಆದರೆ ಮಂಡ್ಯದ ಕಡೆಯವನಿಗೆ ಒಕ್ಕೂಟ ಅಂದರೆ ಒಂದೇ, ಹಾಲು ಒಕ್ಕೂಟ. "ಡಿಗ್ರಿ ನೋಡಿ ತಗೊಂಡ್ರಾ?" ಅಂದುಬಿಟ್ಟೆ. ಆಮೇಲೆ ವಿವರಿಸಬೇಕಾಯಿತು: ನಮ್ಮೂರಲ್ಲಿ ಬೆಳಿಗ್ಗೆ ಎಲ್ಲರೂ ಡೇರಿಗೆ ಹಾಲು ಹಾಕ್ತಾರೆ, ನೀರು ಬೆರೆಸಿದ್ರೆ ಡಿಗ್ರಿ ಕಮ್ಮಿ ಅಂತ ವಾಪಸ್ ಕಳಿಸ್ತಾರೆ.

ಆಂಟಿ ಕಾಫಿ ಚೆಲ್ಲುವಷ್ಟು ನಕ್ಕರು. "ನಮಗೂ ಅದೇ ಕಥೆ! ಸೇರಿಸಿಕೊಳ್ಳೋ ಮುಂಚೆ ಕೋರ್ಟು ನೆಟ್ಟಗಿದೆಯಾ, ಲಂಚ ನಿಂತಿದೆಯಾ ಅಂತ ವರ್ಷಗಟ್ಟಲೆ ಡಿಗ್ರಿ ನೋಡಿದ್ರು."

ಅವರ ದೇಶಕ್ಕೆ ಯೂರೋ ನೋಟು ಬಂದ ವರ್ಷ, "ನಾನು ವಾಪಸ್ ಹೋಗ್ತೀನಿ, ತಂಗಿ ಹತ್ರ," ಅಂದರು. ಹೋಗಬೇಡಿ ಅನ್ನಬೇಕಿತ್ತು. ಬಾಯಿಂದ ಬಂದದ್ದು ಮಾತ್ರ ಅರ್ಥಶಾಸ್ತ್ರ. ಬೆಲೆ ಏರುತ್ತೆ ಆಂಟಿ. ಟೂರಿಸ್ಟುಗಳನ್ನ ನಂಬೋಕಾಗಲ್ಲ. ಬ್ರಿಟನ್‌ನವರು ಒಕ್ಕೂಟ ಬಿಟ್ಟೇ ಹೋದ್ರಲ್ಲ. ಒಂದು ಬೇಲಿ ಉಳಿಸಿಕೊಳ್ಳೋಕೆ ಇಡೀ ದೇಶದ ಚೇತರಿಕೆಗೆ ಕಲ್ಲು ಹಾಕಲು ಹೊರಟ ಮಂಡ್ಯದವನು ನಾನೊಬ್ಬನೇ ಇರಬೇಕು.

ಅವರು ಎಲ್ಲ ಕೇಳಿಸಿಕೊಂಡರು. "ನಿಮ್ಮೂರಲ್ಲಿ ಯಾರಾದ್ರೂ ಡೇರಿಗೆ ಬರಲಿಲ್ಲ ಅಂದ್ರೆ?"

"ಯಾಕೆ ಇವತ್ತು ಹಾಲು ಹಾಕ್ಲಿಲ್ಲ ಅಂತ ಒಬ್ಬರಲ್ಲ ಒಬ್ಬರು ಮನೆ ಹತ್ರ ಹೋಗಿ ಕೇಳ್ತಾರೆ."

"ನೀನು ಬರಲಿಲ್ಲ ಅಂದ್ರೆ ಇಲ್ಲಿ ಯಾರು ಕೇಳ್ತಾರೆ?"

ಕಾಫಿ ಆರಿಹೋಯ್ತು ಅಂತ ನಾನು ಒಳಗೆ ಹೋದೆ.

ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವರ ಸೂಟ್‌ಕೇಸಿನ ತೂಕದ ಬಗ್ಗೆ ಕೊರೆದೆ.

ಈಗ ಆ ಮನೆಯಲ್ಲಿ ಯಾರೋ ಇದ್ದಾರೆ, ಪರದೆ ತೆಗೆಯುವುದಿಲ್ಲ. ಶನಿವಾರ ಫೋನಿನಲ್ಲಿ ಆಂಟಿಯಿಂದ ಒಂದೇ ಪದ ಬರುತ್ತದೆ: "ಹಾಲು?" ಯಾರ ಜೊತೆಯಾದ್ರೂ ಮಾತಾಡಿದೆಯಾ ಅಂತ ಅರ್ಥ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅನ್ನುವ ಭಯ ನನಗೆ. ಚಪ್ಪಲಿ ಮೆಟ್ಟಿ ಕೆಳಗಿಳಿದು, ನಾಯಿ ಹಿಡಿದುಕೊಂಡು ಹೋಗುವ ಯಾರಿಗೋ ಗುಡ್ ಮಾರ್ನಿಂಗ್ ಹೇಳಿ, ನಿಂತು, ಉತ್ತರ ಬರೆಯುತ್ತೇನೆ:

"ಹಾಕಿದೆ. ಡಿಗ್ರಿ ಕಮ್ಮಿ."