ಒಂಬತ್ತನೇ ತಿರುವಿನ ನೀರು

"ಬಾಯಿ ತೆಗೀರಿ ನೋಡೋಣ."

ಬೆಳಗಿನ ಐದೂವರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಗೆ ಕಾಲಿಡುವ ಮೊದಲೇ ಆಕೆ ನನ್ನ ಬಾಯಿಗೆ ಟಾರ್ಚ್ ಬಿಡುತ್ತಾರೆ. ಸಂದರ್ಶನಕ್ಕೆ ಹೋದವನ ಹಲ್ಲು ಎಣಿಸಿದವರು ಈವರೆಗೆ ಯಾರೂ ಇರಲಿಲ್ಲ. ದವಡೆ ಹಲ್ಲಿನಲ್ಲಿ ಬೆಳ್ಳಿ ಬಣ್ಣದ ಫಿಲ್ಲಿಂಗ್ ಕಂಡದ್ದೇ ತಡ, ಒಂದು ಮಾಸ್ಕ್ ಕೈಗಿಟ್ಟು ದೋಣಿಯ ಕಟ್ಟಕಡೆಯ ಹಲಗೆ ತೋರಿಸುತ್ತಾರೆ. "ಸೀಸೆ ತೆಗೆದಾಗ ಆ ಕಡೆ ತಿರುಗಿ ಉಸಿರಾಡಿ. ಬೇಜಾರು ಮಾಡ್ಕೋಬೇಡಿ."

ಹಳೆಯ ಫಿಲ್ಲಿಂಗ್‌ನಲ್ಲಿ ಅರ್ಧದಷ್ಟು ಪಾದರಸವೇ ಇರುತ್ತದಂತೆ. ಇಷ್ಟು ವರ್ಷ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ ನಾನು ಸುಮ್ಮನೆ ಹೋಗಿ ಕೂರುತ್ತೇನೆ.

ದಂಡೆಯವರು ಈಕೆಯನ್ನು ಕರೆಯುವುದು ಸೀಸೆಯಕ್ಕ ಎಂದು. ವಯಸ್ಸು ನಲವತ್ತೇಳು. ಮೇಲುಗಡೆ ಇದ್ದ ಕಾರ್ಖಾನೆ ಬಾಗಿಲು ಹಾಕಿ ಮೂವತ್ತು ವರ್ಷ ಕಳೆದರೂ ಅದು ನದಿಗೆ ಬಿಟ್ಟ ಪಾದರಸ ಕೆಸರಿನಲ್ಲಿ ಠಿಕಾಣಿ ಹೂಡಿದೆ. ಕೆಸರಿನಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಹಕ್ಕಿಗೆ, ಅಲ್ಲಿಂದ ನಮ್ಮ ತಟ್ಟೆಗೆ. ಅದರ ಜಾಡು ಹಿಡಿಯುವುದೇ ಈಕೆಯ ಹತ್ತೊಂಬತ್ತು ವರ್ಷಗಳ ಕೆಲಸ. ತಿಂಗಳಿಗೊಮ್ಮೆ ನದಿಯ ಹದಿನಾಲ್ಕು ಕಡೆ, ಕಳೆದ ವರ್ಷದಿಂದ ಏಳು ಕಡೆ, ನೀರು ತುಂಬಬೇಕು. ದಂಡೆಯ ಮರಗಳಿಗೆ ಕಟ್ಟಿದ ನಲವತ್ತೆರಡು ಗೂಡುಪೆಟ್ಟಿಗೆಗಳಲ್ಲಿ ಮೊಟ್ಟೆ ಎಣಿಸಬೇಕು, ಮರಿ ತೂಗಬೇಕು, ಮರಿಗೊಂದರಂತೆ ಗರಿ ಕಿತ್ತು ಲಕೋಟೆಗೆ ಹಾಕಬೇಕು.

ನೀರು ತುಂಬಲು ಇಬ್ಬರು ಬೇಕೇ ಬೇಕು. ಒಬ್ಬರದು ಚೊಕ್ಕ ಕೈ, ಇನ್ನೊಬ್ಬರದು ಕೊಳಕು ಕೈ. ಸೀಸೆ ಮುಟ್ಟಿದವರು ಬೇರೇನನ್ನೂ ಮುಟ್ಟುವಂತಿಲ್ಲ. ಹುಟ್ಟು, ಹಗ್ಗ, ಪೆಟ್ಟಿಗೆ ಹಿಡಿದವರು ಸೀಸೆಯ ತಂಟೆಗೆ ಬರುವಂತಿಲ್ಲ. "ಮೂಗು ತುರಿಸಿದ್ರೂ ಕೆರ್ಕೊಳ್ಳೋ ಹಾಗಿಲ್ಲ," ಎನ್ನುತ್ತಾರೆ ಆಕೆ. ಹುಟ್ಟು ಹಾಕುವ ದೋಣಿಯಣ್ಣ ನಗುತ್ತಾರೆ: "ಇಲ್ಲಿ ನಾನು ಕೊಳಕು ಕೈ. ಮನೆಗೆ ಹೋದ್ರೆ ಹೆಂಡ್ತೀನೂ ಅದನ್ನೇ ಅಂತಾಳೆ."

ಪಟ್ಟಿಯ ಒಂಬತ್ತನೇ ಜಾಗವಾದ ನದಿಯ ತಿರುವಿಗೆ ಬಂದಾಗ ಇಬ್ಬರೂ ಮಾತು ನಿಲ್ಲಿಸುತ್ತಾರೆ. ಇಲ್ಲಿ ಸೆಳವು ಜೋರು, ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. ಸೀಸೆಯಕ್ಕ ಹೊಟ್ಟೆಯ ಮೇಲೆ ಮಲಗಿ, ನೀರಿಗೆ ಗೇಣು ದೂರದಲ್ಲಿ ಮುಖವಿಟ್ಟು ಸೀಸೆ ಮುಳುಗಿಸುತ್ತಾರೆ. ತೊಂದರೆ ಶುರುವಾದದ್ದು ಈ ಗೇಣಿನಿಂದಲೇ.

ಆರು ವರ್ಷದ ಹಿಂದೆ ನೆರೆ ಬಂದು ಇಲ್ಲಿನ ದಂಡೆ ಕೊಚ್ಚಿಹೋಯಿತು. ಮರುತಿಂಗಳು ಒಂಬತ್ತರ ನೀರಿನಲ್ಲಿ ಪಾದರಸದ ಅಂಕಿ ಬೇರೆ ಕಡೆಗಿಂತ ಹನ್ನೊಂದು ಪಟ್ಟು ಹೆಚ್ಚು ಬಂತು. ಕಚೇರಿಯ ಸಾಹೇಬರು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಹಲ್ಲಿಗೆ ಫಿಲ್ಲಿಂಗ್ ಆಗಿದೆಯೇ? ಆಗಿತ್ತು. ಆಕೆಯ ಉಸಿರು ತಾಗಿ ಸೀಸೆ ಕೆಟ್ಟಿದೆ ಎಂದು ತೀರ್ಮಾನವಾಯಿತು. ಹನ್ನೊಂದು ಪಟ್ಟು ಪಾದರಸ ಉಸಿರಿನಲ್ಲೇ ಬಂತೆಂದು ನಂಬಲು ಓದಿದವರಿಗೆ ಹೇಗೆ ಸಾಧ್ಯವಾಯಿತೋ ನನಗಂತೂ ಅರ್ಥವಾಗುವುದಿಲ್ಲ.

ಅದಕ್ಕಿಂತ ದೊಡ್ಡ ಆಘಾತವೆಂದರೆ ಆಕೆಯೂ ನಂಬಿದ್ದು. "ಅವರು ಓದಿದೋರು. ಮುಖ ಅಷ್ಟು ಹತ್ರ ಇಡ್ತಿದ್ದದ್ದೂ ನಿಜ ತಾನೆ? ತಪ್ಪು ನಂದೇ ಅಂದ್ಕೊಂಡೆ."

ದಡಕ್ಕೆ ಮರಳಿದ ಮೇಲೆ ಕಚೇರಿಯಲ್ಲಿ ಆಕೆ ರಿಜಿಸ್ಟರ್ ತೆರೆದು ತೋರಿಸುತ್ತಾರೆ. ತಿಂಗಳು ತಿಂಗಳೂ ಒಂಬತ್ತರ ಅಂಕಿಯ ಮೇಲೆ, ಲೆಕ್ಕಕ್ಕಿಲ್ಲವೆಂದು ಹೊಡೆದುಹಾಕಿದ ಕೆಂಪು ಗೆರೆ. ನಾನು ಪುಟ ತಿರುಗಿಸುತ್ತಾ ಹೋಗುತ್ತೇನೆ. ಪ್ರತಿ ಗೆರೆಯ ಕೆಳಗೂ ಅಂಕಿ ಸ್ಪಷ್ಟವಾಗಿ ಕಾಣುತ್ತಿದೆ.

ಕಳೆದ ವರ್ಷ ಕೆಲಸವನ್ನು ಸರಳಗೊಳಿಸುವ ಆದೇಶ ಬಂತು. ಹದಿನಾಲ್ಕು ಜಾಗ ಏಳಾಗಬೇಕು. ಇದಕ್ಕೆ ಆಕೆಯ ತಕರಾರಿರಲಿಲ್ಲ. "ಮೂರೂ ನಾಲ್ಕೂ ಒಂದೇ ನೀರು. ಒಂದೇ ನೀರನ್ನ ಎರಡು ಸಲ ಅಳೆದು ಏನು ಮಾಡೋದು? ಯಾವ್ದು ಬಿಡ್ಬಹುದು ಅಂತ ನಾನೇ ಪಟ್ಟಿ ಬರ್ಕೊಟ್ಟೆ." ಆದರೆ ಕಚೇರಿ ಕೈಬಿಟ್ಟ ಏಳರಲ್ಲಿ ಒಂಬತ್ತೂ ಇತ್ತು. ಕಾರಣ: ನಂಬಲರ್ಹವಲ್ಲ.

ತನ್ನ ಹಲ್ಲಿನಿಂದಾಗಿ ಒಂದು ಜಾಗವೇ ಪಟ್ಟಿಯಿಂದ ಹೋಗುವುದು ಆಕೆಗೆ ಸಹಿಸಲಾಗಲಿಲ್ಲ. ಯಾರನ್ನೂ ಕೇಳದೆ ಹೋಗಿ ಹಲ್ಲು ಕೀಳಿಸಿಕೊಂಡರು. ಆಮೇಲೆ ಮೂರು ತಿಂಗಳು ಅದೇ ಗೇಣಿನಲ್ಲಿ ನೀರು ತುಂಬಿದರು. ಅಂಕಿ ಇಳಿಯಲಿಲ್ಲ. ಲಕೋಟೆಗಳಲ್ಲೇ ಉಳಿದಿದ್ದ ಆ ತಿರುವಿನ ಗರಿಗಳನ್ನು ಪರೀಕ್ಷೆಗೆ ಕಳಿಸಿದರು. "ಗರಿ ಬೆಳೆಯೋವಾಗ್ಲೇ ಪಾದರಸ ಒಳಗೆ ಸೇರೋದು. ಅದಕ್ಕೆ ನನ್ನ ಉಸಿರು ಹೆಂಗೆ ಹೋಗುತ್ತೆ?" ಗರಿಗಳಲ್ಲೂ ಪಾದರಸ ಅಷ್ಟೇ ಹೆಚ್ಚಿತ್ತು. ಕೊನೆಗೆ ಫಿಲ್ಲಿಂಗ್ ಇಲ್ಲದ ಇನ್ನೊಬ್ಬರನ್ನು ಕಳಿಸಿ ನೀರು ತರಿಸಿದಾಗ ಅಂಕಿ ಒಂದು ಕೂದಲೆಳೆ ಹೆಚ್ಚೇ ಬಂತು. ನೆರೆ ದಂಡೆಯನ್ನು ಕೊರೆದು, ಹೂತಿದ್ದ ಹಳೆಯ ಕೆಸರನ್ನು ಹೊರಗೆಳೆದಿತ್ತು. ಈಗ ಏಳು ಜಾಗಗಳ ಪಟ್ಟಿಯಲ್ಲಿ ಒಂಬತ್ತೇ ಮೊದಲು.

ಗೆದ್ದಿರಲ್ಲ ಎನ್ನುತ್ತೇನೆ. ಆಕೆ ಕಿಟಕಿಯಾಚೆ, ತಿರುವಿನ ಮೇಲಿರುವ ತಗಡಿನ ಮಾಡಿನ ಮನೆ ತೋರಿಸುತ್ತಾರೆ. ಅದು ಒಡಹುಟ್ಟಿದ ತಂಗಿಯ ಮನೆ. ತಂಗಿಯ ಗಂಡ ಗಾಳ ಹಾಕುವುದು ಆ ತಿರುವಿನಲ್ಲೇ.

"ನೆರೆ ಬಂದ ವರ್ಷ ಅವಳು ಬಸುರಿ. ಒಂಬತ್ತರ ಅಂಕಿ ಜಾಸ್ತಿ ಬಂದಿದ್ಯಂತೆ, ಮೀನು ಬಿಡ್ಲಾ ಅಕ್ಕ ಅಂತ ಕೇಳಿದ್ಲು. ಅದು ನೀರಿನ ತಪ್ಪಲ್ಲ ಕಣೇ, ನನ್ನ ಹಲ್ಲಿನ ತಪ್ಪು, ಧೈರ್ಯವಾಗಿ ತಿನ್ನು ಅಂದೆ."

ಮಗುವಿಗೆ ಈಗ ಐದು ತುಂಬಿದೆ. ಇನ್ನೂ ಎರಡು ಪದ ಕೂಡಿಸಿ ಆಡುವುದಿಲ್ಲ. ಕೂದಲಿನ ಪರೀಕ್ಷೆಯಲ್ಲಿ ಪಾದರಸ ಸಿಕ್ಕಿದೆ. ಕಾರಣ ಅದೇ ಎಂದು ಡಾಕ್ಟರು ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ. ಅಂಕಿ ಖಚಿತವಾದ ದಿನವೇ ಸೀಸೆಯಕ್ಕ ತಿರುವಿನ ಹದಿನೇಳು ಮನೆಗಳಿಗೂ ಹೋಗಿ ಮೀನು ಬಿಡಿ ಎಂದು ಹೇಳಿ ಬಂದರು. ಮೊದಲು ಹೋದದ್ದು ತಂಗಿಯ ಮನೆಗೆ.

ಇನ್ನು ನಿಮಗೇನಾಗಬೇಕು ಎಂದು ಕೇಳುತ್ತೇನೆ. ಸಂಬಳವನ್ನೋ ಹೊಸ ದೋಣಿಯನ್ನೋ ಕೇಳುತ್ತಾರೆ ಅಂದುಕೊಂಡಿದ್ದೆ.

"ತಂಗಿ ಒಂದ್ಸಲ ನನ್ನನ್ನ ಬಾಯಿಗೆ ಬಂದ ಹಾಗೆ ಬೈದುಬಿಡ್ಬೇಕು," ಎನ್ನುತ್ತಾರೆ ಆಕೆ. "ವಿಷ್ಯ ಗೊತ್ತಾದ ದಿನದಿಂದ ಒಂದು ಮಾತೂ ಅಂದಿಲ್ಲ. ಹೋದಾಗೆಲ್ಲ, ಅಕ್ಕ ಊಟ ಆಯ್ತಾ ಅಂತಾನೇ ಕೇಳ್ತಾಳೆ."