ಮೂವತ್ತು ಉಲ್ಲನ್ ಹೂವು

ಕಡ್ಡಿ ಕೈಯಿಂದ ಬಿತ್ತು.

ಎಂಟನೇ ಕ್ಲಾಸಿನ ಹುಡುಗಿಯರಿಗೆ ಕ್ರೋಶಾ ಕಡ್ಡಿ ಹಿಡಿಯುವುದು ಹೇಗೆಂದು ತೋರಿಸುತ್ತಿದ್ದೆ. ಬಗ್ಗಿ ಎತ್ತಿಕೊಂಡೆ. ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನನಗೆ ರೇಗಿತು. ಗದರಿಸಲು ಬಾಯಿ ತೆರೆದೆ. ಬಂದದ್ದು ಮಾತಲ್ಲ, ಏನೋ ಕಲಸಿದಂಥ ಶಬ್ದ. ಮುಂದಿನ ಬೆಂಚಿನಲ್ಲಿದ್ದ ಹುಡುಗಿಯ ಮುಖ ನೋಡಿದೆ. ಅವಳು ಹೆದರಿ ಬಿಳಿಚಿಕೊಂಡಿದ್ದಳು. ನನಗೇನೋ ಆಗಿದೆ ಎಂದು ನನಗೆ ತಿಳಿದದ್ದು ಅವಳ ಮುಖ ನೋಡಿ.

ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಹೊಲಿಗೆ ಟೀಚರ್. ಹೆಸರು ಸರೋಜ. ಆಗ ನನಗೆ ನಲವತ್ತೇಳು. ಹೆಡ್‌ಮಿಸ್ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದರು. ಬೂತಿನ ಪಕ್ಕದಲ್ಲೇ ನಮ್ಮ ಯಜಮಾನರ ಹೂವಿನ ಅಂಗಡಿ. ಕಟ್ಟುತ್ತಿದ್ದ ಮಾಲೆಯನ್ನು ಹಾಗೇ ಬಿಟ್ಟು, ಹೆಗಲ ಮೇಲೆ ದಾರ ನೇತಾಡುತ್ತಿದ್ದರೂ ಗಮನಿಸದೆ ಓಡಿಬಂದರು. ಟ್ಯಾಕ್ಸಿಯಲ್ಲಿ ಹಾಸನಕ್ಕೆ ಹೋದೆವು. ಬಿಪಿ ವಿಪರೀತ ಏರಿತ್ತು. ಸಿಟಿ ಸ್ಕ್ಯಾನ್ ಮಾಡಿದರು.

"ಸ್ಟ್ರೋಕ್" ಎಂದರು ಡಾಕ್ಟರು.

ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಕೈಕೊಟ್ಟಿದ್ದವು. ಒಂಬತ್ತು ದಿನ ವಾರ್ಡಿನಲ್ಲಿದ್ದೆ. ಮಾತು ವಾರದಲ್ಲೇ ತಿರುಗಿ ಬಂತು. "ಅದೇ ಮೊದ್ಲು ಬತ್ತದೆ ಅಂತ ನಂಗೊತ್ತಿತ್ತು" ಎಂದು ಯಜಮಾನರು ನರ್ಸಿನ ಎದುರೇ ಛೇಡಿಸಿದರು. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಕೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಆ ಕೈ ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಹೆಡ್‌ಮಿಸ್ ಆಸ್ಪತ್ರೆಗೇ ಬಂದು, ಕಿತ್ತಳೆ ಹಣ್ಣು ಇಟ್ಟು, ಜೂನ್‌ನಲ್ಲಿ ಸ್ಕೂಲು ತೆರೆಯುವ ಹೊತ್ತಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ತರದಿದ್ದರೆ ಕಮಿಟಿಯವರು ಬೇರೆ ಟೀಚರನ್ನು ನೋಡುತ್ತಾರೆಂದು ಹೇಳಿಹೋದರು. ಅವರ ಮೇಲೆ ತಪ್ಪು ಹೊರಿಸಲಾರೆ. ಆದರೂ ಆ ಕಿತ್ತಳೆ ಹಣ್ಣು ನಾನು ತಿನ್ನಲಿಲ್ಲ.

ಮನೆಗೆ ಬಂದ ಮೇಲೆ ಕಾಯಿಲೆಗಿಂತ ನೋಡಲು ಬಂದವರ ಕಾಟ ಹೆಚ್ಚಾಯಿತು. ಒಬ್ಬೊಬ್ಬರ ಬಳಿಯೂ ಇದೇ ಕಾಯಿಲೆಯಿಂದ ಸತ್ತ ಒಬ್ಬ ನೆಂಟರ ಕಥೆಯಿತ್ತು. ಅರಕಲಗೂಡು ಕಡೆಯ ಮಲ್ಲಿಪಟ್ಟಣದಿಂದ ನಾದಿನಿ ಪುಟ್ಟಮ್ಮ ಬಂದಳು. ಬರಿಗೈಯಲ್ಲಿ ಬರಲಿಲ್ಲ. ಬುಟ್ಟಿಯಲ್ಲಿ ಎರಡು ಪಾರಿವಾಳ ತಂದಿದ್ದಳು.

"ಇದ್ರ ಬಿಸಿ ರಕ್ತ ತಿಕ್ಕುದ್ರೆ ಲಕ್ವ ಮೂರೇ ದಿನಕ್ಕೆ ಓಯ್ತದೆ ಕಣತ್ಗೆ."

"ನಂಗೆ ಲಕ್ವ ಅಲ್ಲ. ಸ್ಟ್ರೋಕ್."

"ಎರ್ಡೂ ಒಂದೇ ಅಲ್ವಾ?"

ಒಂದೇ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಪಾರಿವಾಳಗಳನ್ನು ಬಿಡಿಸಿ ಹಾರಿಸಲು ಯಜಮಾನರಿಗೆ ಹೇಳಿದೆ. ಅವು ಹಾರಿಹೋಗಲಿಲ್ಲ. ನಮ್ಮ ಮಾಳಿಗೆಯ ಮೇಲೇ ಕೂತು ತಿಂಗಳುಗಟ್ಟಲೆ ಗುಟುರು ಹಾಕಿ ನನ್ನ ತಲೆ ತಿಂದವು.

ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುವುದನ್ನು ಕಂಡು ಪುಟ್ಟಮ್ಮ ಮುಖ ಕಿವುಚಿದಳು. "ಅಣ್ಣಂಗೆ ಆ ಕೈ ಬುಡ್ಸಕ್ಕೆ ನಮ್ಮಪ್ಪ ಎಷ್ಟು ಒದ್ದಾಡ್ತು, ಈಗ ನೀನು ಸುರು ಮಾಡ್ಕಂಡಾ?" ಎಂದಳು. ನಮ್ಮ ಯಜಮಾನರು ಹುಟ್ಟಾ ಎಡಚರು. ಹೂವಾಡಿಗರ ಮನೆಯಲ್ಲಿ ಅದು ನಡೆಯುವ ಮಾತಲ್ಲ. ದೇವರ ತಲೆಗೆ ಹೋಗುವ ಹೂವು ಅದು. ಎಡಗೈಯಲ್ಲಿ ಮೊಳ ಹಾಕಿದರೆ ಗಿರಾಕಿ ಬುಟ್ಟಿಯ ಹತ್ತಿರವೂ ಬರುವುದಿಲ್ಲ. ಅವರಪ್ಪ ಎಡಗೈಯನ್ನು ಬೆನ್ನಿಗೆ ಕಟ್ಟಿ ಕೂರಿಸಿ ಬಲಗೈಯಲ್ಲಿ ಹೂ ಕಟ್ಟುವುದನ್ನು ಕಲಿಸಿದರಂತೆ. ಅಂಗಡಿಯಲ್ಲಿ ಅವರದು ಇವತ್ತಿಗೂ ಬಲಗೈಯೇ. ಮನೆಯ ಹಿತ್ತಲಲ್ಲಿ, ಯಾರೂ ನೋಡದಿದ್ದಾಗ, ಮದುವೆ ಹಾರದ ಅವಸರವಿದ್ದಾಗ, ಎಡಗೈ ತಾನಾಗಿ ಮುಂದೆ ಬರುತ್ತದೆ. ಅದು ಬಲಗೈಗಿಂತ ಎರಡರಷ್ಟು ಚುರುಕು.

ಮಾರ್ಚ್ ಮುಗಿಯುವಾಗ ಬೆರಳು ಮಡಚಲು ಬಂತು. ಹಾಸನದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಚನ್ನರಾಯಪಟ್ಟಣದ ಹುಡುಗಿ, ನನ್ನ ಶಿಷ್ಯೆಯರ ವಯಸ್ಸಿನವಳು, ಆದರೆ ಮಾತು ನನಗೇ ಟೀಚರ್ ಎಂಬಂತೆ. "ಚೆಂಡು ಹಿಚುಕಿದ್ದು ಸಾಕು ಆಂಟಿ. ನಿಮ್ ಕೈಗೆ ಯಾವ ಕೆಲ್ಸ ರೂಢಿ ಇದ್ಯೋ ಅದನ್ನೇ ಕೊಡಿ" ಎಂದಳು. ಕ್ರೋಶಾ ಕಡ್ಡಿಗೆ ಬಟ್ಟೆ ಸುತ್ತಿ ಹಿಡಿಯಲು ದಪ್ಪ ಮಾಡಿಕೊಟ್ಟಳು.

ನಮ್ಮ ಸ್ಕೂಲಿನಲ್ಲಿ ನಾನೇ ಶುರು ಮಾಡಿದ ಒಂದು ಪದ್ಧತಿಯಿದೆ. ಹತ್ತನೇ ಕ್ಲಾಸಿನ ಹುಡುಗಿಯರು ತಲಾ ಒಂದು ಉಲ್ಲನ್ ಹೂವಿನ ಚೌಕ ಹಾಕಬೇಕು. ನಡುವೆ ಹಳದಿ, ಸುತ್ತ ಎಂಟು ದಳ, ಕೆಂಪೋ ನೇರಳೆಯೋ ಅವರವರ ಇಷ್ಟ. ಆಮೇಲೆ ಹಸಿರು ಸುತ್ತು, ಕೊನೆಗೆ ಬಿಳಿಯಲ್ಲಿ ನಾಲ್ಕು ಮೂಲೆ ತೆಗೆದು ಚೌಕ ಮಾಡುವುದು. ನಲವತ್ತೆಂಟು ಹುಡುಗಿಯರ ಚೌಕ, ನಟ್ಟನಡುವೆ ನನ್ನದೊಂದು. ಎಲ್ಲ ಜೋಡಿಸಿದರೆ ಒಂದು ಹೊದಿಕೆ. ಸ್ಕೂಲ್ ಡೇ ದಿನ ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಆ ಹುಡುಗಿಯ ಮನೆಗೆ ಅದು ಹೋಗುತ್ತದೆ. ಒಂದು ದಳ ಸಡಿಲವಾದರೂ ನಾನು ಒಪ್ಪಿದವಳಲ್ಲ. "ಬಿಚ್ಚಿ ಮತ್ತೆ ಹಾಕು" ಎಂಬುದು ನನ್ನ ಬಾಯಿಪಾಠ. ಹುಡುಗಿಯರು ನನಗೆ ಇಟ್ಟ ಅಡ್ಡಹೆಸರೂ ಅದೇ, ಬಿಚ್ಚು ಮಿಸ್.

ಈಗ ನನ್ನ ಸರದಿ. ಮೊದಲ ದಿನ ಮೂರು ಗಂಟೆ ಕೂತು ಎರಡು ದಳ ಹಾಕಿದೆ. ನೋಡಲಾಗಲಿಲ್ಲ, ಬಿಚ್ಚಿದೆ. ಮರುದಿನ ಮತ್ತೆ ಹಾಕಿದೆ, ಬಿಚ್ಚಿದೆ. ಒಂದು ವಾರ ಹೀಗೇ ಆಯಿತೆಂದು ಕೇಳಿ ಫಿಸಿಯೋ ಹುಡುಗಿಗೆ ಕೋಪ ಬಂತು.

"ದಿನಕ್ಕೊಂದು ಹೂವು. ಬಿಚ್ಚಬೇಡಿ, ತಿದ್ದಬೇಡಿ, ತಿರುಗಿ ನೋಡಲೂಬೇಡಿ. ಮುಗೀತಾ, ಚೀಲಕ್ಕೆ ಹಾಕಿ. ತಿಂಗಳಾದ್ಮೇಲೆ ಮೂವತ್ತೂ ತಂದು ಡಾಕ್ಟರಿಗೆ ತೋರ್ಸಿ. ಮೊದಲ್ನೇದಕ್ಕೂ ಕೊನೇದಕ್ಕೂ ಏನು ವ್ಯತ್ಯಾಸ ಅಂತ ಅವಾಗ ನೋಡ್ಕೊಳಿ."

ಹಾಗೇ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನದವರೆಗೂ ಅದೇ. ಬೆರಳ ತುದಿ ಜೋಮು ಹಿಡಿದ ಹಾಗಿದ್ದು, ದಾರ ಸಿಕ್ಕಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆವರು ಹರಿಯುತ್ತಿತ್ತು. ಬೈಯುತ್ತಿದ್ದೆ, ಒಮ್ಮೊಮ್ಮೆ ಅಳುತ್ತಿದ್ದೆ. ಮುಗಿದ ತಕ್ಷಣ ಮುಖ ತಿರುಗಿಸಿ ಚೀಲಕ್ಕೆ ತುರುಕಿ, ಊಟ ಮಾಡಿ, ಮಾತ್ರೆ ನುಂಗಿ ಮಲಗಿಬಿಡುತ್ತಿದ್ದೆ. ಆ ಮಾತ್ರೆಗೆ ನಾಲ್ಕು ಗಂಟೆಯವರೆಗೂ ಎಚ್ಚರವಿರುತ್ತಿರಲಿಲ್ಲ. ಬಿಸಿಲ ಹೊತ್ತಿನಲ್ಲಿ ಹೂವಿಗೆ ವ್ಯಾಪಾರವಿಲ್ಲ, ಹಾಗಾಗಿ ಯಜಮಾನರೂ ಮನೆಯಲ್ಲೇ ಇರುತ್ತಿದ್ದರು.

ಮೇ ಕೊನೆಗೆ ಚೀಲ ಹಿಡಿದು ಹಾಸನಕ್ಕೆ ಹೋದೆವು. ಡಾಕ್ಟರು ಮೂವತ್ತು ಚೌಕಗಳನ್ನೂ ಮೇಜಿನ ಮೇಲೆ ಹರಡಿದರು. ನನಗೆ ನಂಬಲಾಗಲಿಲ್ಲ. ದಳಗಳು ಬಿಗಿಯಾಗಿದ್ದವು, ಮೂಲೆಗಳು ಸರಿಯಾಗಿದ್ದವು. ಮೊದಮೊದಲಿನವು ಸ್ವಲ್ಪ ಸೊಟ್ಟ, ಆಮೇಲಿನವು ಚೊಕ್ಕ. ಹಾಕುವಾಗ ಅಷ್ಟು ಕೆಟ್ಟದಾಗಿ ನಡುಗುತ್ತಿದ್ದ ಕೈ ಇದನ್ನು ಮಾಡಿತೇ ಎಂದುಕೊಂಡೆ. ಜೋಮು ಕೊನೆಗೆ ಹೋಗುವುದೆಂದು ಡಾಕ್ಟರೇ ಮೊದಲು ಹೇಳಿದ್ದರು. ಕೈಗೆ ಗೊತ್ತಾಗದಿದ್ದರೂ ಕೆಲಸ ನಡೆದಿದೆ ಎಂದು ನಂಬಿದೆ. ಕಣ್ಣು ಮಂಜಾಗಿತ್ತು, ಖುಷಿಗೆ. ಡಾಕ್ಟರು ನಗುತ್ತಾ ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಫಿಸಿಯೋಥೆರಪಿ ಇನ್ನು ಸಾಕು ಎಂದರು. ಯಜಮಾನರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಜೂನ್ ಬಂತು. ಹತ್ತನೇ ಕ್ಲಾಸಿಗೆ ಹೋದೆ. ಬಟ್ಟೆ ಸುತ್ತದ ಸ್ಕೂಲಿನ ಕಡ್ಡಿ ಎತ್ತಿ ಹಿಡಿದು "ಎಲ್ಲರೂ ನನ್ನ ಕೈ ನೋಡಿ" ಎಂದೆ.

ಕಡ್ಡಿ ಬಿತ್ತು.

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಶಶಿಕಲಾ ಎಂಬ ಹುಡುಗಿ ಎದ್ದು ಬಂದು ಕಡ್ಡಿ ಎತ್ತಿ, ಮೆತ್ತಗೆ ನನ್ನ ಕೈಯಲ್ಲಿಟ್ಟಳು. ಮತ್ತೆ ಪ್ರಯತ್ನಿಸಿದೆ. ನಲವತ್ತೆಂಟು ಜನರ ಎದುರು ಒಂದೇ ಒಂದು ದಳ ಹಾಕಲು ಆಗಲಿಲ್ಲ. ಬೆಲ್ ಹೊಡೆಯುವವರೆಗೂ ನೋಟ್ಸ್ ಬರೆಸಿದೆ. ಹೊಲಿಗೆ ಕ್ಲಾಸಿನಲ್ಲಿ ನೋಟ್ಸ್!

ಮನೆಗೆ ಬಂದವಳೇ ಚೀಲವನ್ನು ಮಂಚದ ಮೇಲೆ ಸುರಿದೆ. ಈಗ ಕಣ್ಣಲ್ಲಿ ಖುಷಿಯಿರಲಿಲ್ಲ, ಹಾಗಾಗಿ ಕಂಡಿತು. ಬಲಗೈಯವರು ಹಾಕಿದ ಹೂವಿನ ಸುತ್ತು ಗಡಿಯಾರದ ಮುಳ್ಳಿಗೆ ಎದುರಾಗಿ ಹೋಗುತ್ತದೆ. ಎಡಗೈಯವರದು ಮುಳ್ಳಿನ ಜೊತೆಗೇ ಹೋಗುತ್ತದೆ. ಬೇರೆಯವರಿಗೆ ಗೊತ್ತಾಗದು. ಇದನ್ನೇ ನೆಪ ಮಾಡಿ ಎಷ್ಟೋ ಎಡಚ ಹುಡುಗಿಯರ ಕೈ ಬದಲಿಸಿದ ನನಗೆ ಗೊತ್ತಾಗದೆ ಇರುತ್ತದೆಯೇ?

ಮೂವತ್ತೂ ಮುಳ್ಳಿನ ಜೊತೆಗೇ ತಿರುಗಿದ್ದವು.

ಯಜಮಾನರು ಅಂಗಡಿಯಿಂದ ಬಂದರು. "ಇದನ್ನ ಹಾಕಿದ್ದು ಯಾರು?" ಎಂದೆ. ಅವರು ಮಂಚ ನೋಡಿದರು, ನನ್ನ ನೋಡಿದರು. ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಐವತ್ಮೂರು ವರ್ಷದ ಗಂಡಸು, ಅಪ್ಪನ ಎದುರು ನಿಂತ ಹುಡುಗನ ಹಾಗೆ.

"ನಾನೇ ಕಣೇ."

"ಯಾವಾಗ ಕಲ್ತಿದ್ದು ನೀವು?"

"ಇಪ್ಪತ್ತೈದು ವರ್ಸ ಪಕ್ದಾಗೆ ಕೂತಿಲ್ವಾ. ಹೂ ಕಟ್ಟೋನಿಗೆ ಅದೇನ್ ಮಹಾ. ಮೊದಮೊದ್ಲು ಸೊಟ್ಟ ಬಂತು, ಆಮೇಲೆ ಕೈ ಕೂತ್ಕತು."

"ಯಾಕೆ?"

"ನೀನು ಹಾಕಿದ್ದು ನೋಡ್ದೆ. ಬೋ ಕೆಟ್ಟದಾಗಿತ್ತು ಕಣೇ. ತಿಂಗ್ಳಾದ್ಮೇಲೆ ಅದ್ನ ನೋಡ್ಬುಟ್ರೆ ನೀನು ಕಡ್ಡೀನೇ ಎಸ್ದು ಕೂತ್ಕತೀಯ ಅಂತ ಎದ್ರಿಕೆ ಆಯ್ತು. ಉಸಾರಾಯ್ತೀನಿ ಅನ್ನೋ ಧೈರ್ಯ ಬರ್ಲಿ ಅಂತ..."

"ನಾನು ಹಾಕಿದ್ದು ಎಲ್ಲಿ?"

ಅವರು ಮಂಚದ ಮೇಲಿನ ಒಂದು ಚೌಕ ಎತ್ತಿಕೊಂಡು ಅದರ ಮೂಲೆ ನೀವಿದರು. "ಉಲ್ಲನ್ ದಂಡ ಆಗ್ಬಾರ್ದು ಅಂತ ಬಿಚ್ಚಿ, ಅದ್ರಲ್ಲೇ ಹಾಕ್ದೆ."

ಬಿಚ್ಚಿದ್ದರು. ಮೂವತ್ತನ್ನೂ.

ಆ ದಿನ ನಾನು ಕೂಗಿದ ಕೂಗಿಗೆ ಮಾಳಿಗೆಯ ಪಾರಿವಾಳ ಎರಡೂ ಎದ್ದು ಹೋದವು, ಮತ್ತೆ ಬರಲಿಲ್ಲ. ಬಂದ ಲಾಭ ಅದೊಂದೇ. ಸುಳ್ಳು ಸರ್ಟಿಫಿಕೇಟಿಗಾಗಿ ಅಲ್ಲ ನನ್ನ ಕೋಪ. ಎರಡನೇ ದಿನಕ್ಕಿಂತ ಇಪ್ಪತ್ತನೇ ದಿನ ನನ್ನ ಕೈ ಕೂದಲೆಳೆಯಷ್ಟಾದರೂ ಸುಧಾರಿಸಿತ್ತೇ? ಅದನ್ನು ಹೇಳಬಲ್ಲ ಸಾಕ್ಷಿ ಲೋಕದಲ್ಲಿ ಆ ಮೂವತ್ತು ಕೆಟ್ಟ ಹೂವು ಮಾತ್ರ. ಅಷ್ಟು ಬೆವರು, ಅಷ್ಟು ಅಳು. ಪ್ರೀತಿಯಿಂದಲೇ ಮಾಡಿದರು, ಗೊತ್ತು. ಪ್ರೀತಿಯಿಂದ ಮಾಡಿದ್ದಕ್ಕೆ ಪೂರ್ತಿ ಕೋಪವನ್ನೂ ಮಾಡುವಂತಿಲ್ಲವಲ್ಲ, ಅದೊಂದು ಬೇರೆ ಸಂಕಟ. ಮೂರು ದಿನ ಮಾತಾಡಲಿಲ್ಲ. ಸ್ಟ್ರೋಕ್ ಕೂಡ ನನ್ನನ್ನು ಅಷ್ಟು ಪೂರ್ತಿಯಾಗಿ ಸುಮ್ಮನಿರಿಸಿರಲಿಲ್ಲ.

ನಾಲ್ಕನೇ ದಿನ ಹೆಡ್‌ಮಿಸ್ ಎದುರು ಹೋಗಿ ಸರ್ಟಿಫಿಕೇಟ್ ಇಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಲೆ ಹಿಡಿದುಕೊಂಡರು. "ಇದನ್ನ ನನಗ್ಯಾಕ್ರೀ ಹೇಳಿದ್ರಿ? ಹೇಳ್ದೆ ಇದ್ದಿದ್ರೆ ನಂಗೂ ನೆಮ್ಮದಿ ಇರ್ತಿತ್ತು" ಎಂದು ಬೈದರು. ಬೈದಾದ ಮೇಲೆ ಕಮಿಟಿಯವರ ಹತ್ತಿರ ಮಾತಾಡಿ ಸ್ಕೂಲ್ ಡೇವರೆಗೆ ಅವಕಾಶ ಕೊಡಿಸಿದರು. ನಾನು ಬಾಯಲ್ಲಿ ಹೇಳುವುದು, ಶಶಿಕಲಾ ಕೈಯಲ್ಲಿ ತೋರಿಸುವುದು. ಹುಡುಗಿಯರು ಹೊದಿಕೆ ಮುಗಿಸಬೇಕು, ನಡುವಿನ ಚೌಕ ಮಾತ್ರ ನಾನೇ ಹಾಕಬೇಕು.

ಹಾಸನಕ್ಕೆ ಮತ್ತೆ ಹೋದೆ. ಡಾಕ್ಟರು ತಮ್ಮ ಸಹಿಯನ್ನೇ ದಿಟ್ಟಿಸಿ ನೋಡಿದರು. ಫಿಸಿಯೋ ಹುಡುಗಿ ನಮ್ಮ ಯಜಮಾನರನ್ನು ಕರೆದು ಕೂರಿಸಿ ಬೈದಳು. ನೋಡಲು ಹಿತವಾಗಿತ್ತು. ವಾರಕ್ಕೆರಡು ಸಲದ ಬಸ್ಸು, ಚೆಂಡು, ಕೈಗೆ ಬಿಸಿ ಮೇಣದ ಶಾಖ ಎಲ್ಲ ಮೊದಲಿನಿಂದ ಶುರುವಾಯಿತು. ದಿನಕ್ಕೊಂದು ಹೂವು. ಈ ಸಲವೂ ಚೀಲಕ್ಕೆ ಬೀಗವಿಲ್ಲ, ಆದರೆ ಚೀಲ ನನ್ನ ತಲೆದಿಂಬಿನ ಕೆಳಗೆ.

ನವೆಂಬರಿನಲ್ಲಿ ಹೊದಿಕೆಯ ನಡುವಿನ ಚೌಕ ಮುಗಿಯಿತು. ದಿನದ ಹೂವಿನ ಹಾಗಲ್ಲ, ಒಂದೊಂದು ದಳಕ್ಕೂ ನಿಧಾನಿಸಿ ಹಾಕಿದೆ, ಹನ್ನೊಂದು ದಿನ ಹಿಡಿಯಿತು. ನಡುವೆ ಹಳದಿ, ಸುತ್ತ ನೇರಳೆ ದಳ ಎಂಟು. ಮೂರು ದಳ ಸಡಿಲ. ಒಂದು ಮೂಲೆ ಮುದುಡಿಕೊಂಡಿದೆ. ಸುತ್ತು ಗಡಿಯಾರದ ಮುಳ್ಳಿಗೆ ಎದುರಾಗಿದೆ. ನನ್ನದೇ.

ಈಗ ಇದನ್ನು ಬರೆಯುವಾಗ ಸ್ಕೂಲ್ ಡೇ ಮುಗಿದು ತಿಂಗಳಾಗಿದೆ. ಕೈ ಪೂರ್ತಿ ಬಂದಿಲ್ಲ, ಬರುವುದೂ ಇಲ್ಲವಂತೆ. ರವಿಕೆಯ ಹುಕ್ಕು ಹಾಕಿಕೊಳ್ಳುತ್ತೇನೆ, ಕಾಫಿ ಲೋಟ ಹಿಡಿಯುತ್ತೇನೆ. ಕಮಿಟಿಯವರು ಇನ್ನೊಂದು ವರ್ಷ ಇಟ್ಟುಕೊಂಡಿದ್ದಾರೆ. ಯಜಮಾನರ ಮೂವತ್ತು ಹೂವನ್ನು ಅವರೇ ಕೂತು, ಎಡಗೈಯಲ್ಲೇ, ನನ್ನ ಕಣ್ಣೆದುರೇ ಜೋಡಿಸಿದರು. ಚಳಿಗೆ ಅದನ್ನೇ ಹೊದೆಯುತ್ತೇನೆ. ಬೆಚ್ಚಗಿದೆ. ಕೋಪ ಪೂರ್ತಿ ಹೋಗಿಲ್ಲ, ಅದನ್ನು ಅವರಿಗೆ ಹೇಳಿದ್ದೇನೆ.

ಸ್ಕೂಲ್ ಡೇಗೆ ಮುಂಚೆ, ಹುಡುಗಿಯರ ಹೊದಿಕೆ ಜೋಡಿಸಿದ ದಿನ ನಲವತ್ತೆಂಟು ಚೌಕ ನೆಲದ ಮೇಲೆ ಹರಡಿ, ನಡುವೆ ನನ್ನದನ್ನಿಟ್ಟೆ. ಒಂದು ಹೂವು ಬೇರೆಯ ಕಡೆಗೆ ತಿರುಗಿತ್ತು. ಶಶಿಕಲಾಳದು. ಇಷ್ಟು ತಿಂಗಳು ಎಲ್ಲರಿಗೂ ಬಲಗೈಯಲ್ಲಿ ತೋರಿಸಿಕೊಟ್ಟವಳು ತನ್ನ ಚೌಕವನ್ನು ಮಾತ್ರ ಎಡಗೈಯಲ್ಲಿ ಹಾಕಿಕೊಂಡು ಬಂದಿದ್ದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಅದನ್ನು ಅದರ ಜಾಗಕ್ಕೆ ಸರಿಸಿದೆ. ಅವಳ ಕಣ್ಣು ಮೆಲ್ಲಗೆ ನಡುವಿನ ಚೌಕಕ್ಕೆ, ಅದರ ಮುದುಡಿದ ಮೂಲೆಗೆ ಬಂದು ನಿಂತಿತು. ಕೊಂಚ ಹೆದರುತ್ತಲೇ ಕೇಳಿದಳು.

"ಮಿಸ್, ಇದನ್ನ ಬಿಚ್ಚಿ ಮತ್ತೆ ಹಾಕ್ಲಾ?"

"ಬೇಡ" ಎಂದೆ. "ಬಿಚ್ಚಬೇಡ. ಅದು ಹಾಗೇ ಇರ್ಲಿ."