ಕೂತೇ ನಿದ್ದೆ ಹೋಗುತ್ತಿದ್ದ ಚಾಚಾ

ಚಾಚಾನ ಬಲಗೈಯ ಎರಡು ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಕುದುರೆ ತುಳಿದದ್ದು. ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲೇ ಅವರ ತಲೆ ಬೆಳ್ಳಗಾಗಿತ್ತು. ಅದೇ ಬೆರಳುಗಳನ್ನು ಕುದುರೆಯ ದವಡೆಯ ಕೆಳಗಿಟ್ಟು ನಾಡಿ ನೋಡುತ್ತಿದ್ದರು. ಪಕ್ಕದ ಮನೆಯವಳಾದ ನನಗೂ ಚಿಕ್ಕಂದಿನಲ್ಲಿ ಕಲಿಸಿದ್ದರು: "ಒತ್ತಬ್ಯಾಡ ಕಣಮ್ಮ, ಸುಮ್ನೆ ಇಡು. ಅದೇ ಬಂದು ಬೆರಳು ಮುಟ್ತದೆ."

ಈಗ ನಾನು ಊರಿನಿಂದಲೇ ದಿನಾ ತುಮಕೂರಿನ ಆಸ್ಪತ್ರೆಗೆ ಹೋಗಿಬಂದು ಹೃದಯದ ಸ್ಕ್ಯಾನ್ ಮಾಡುತ್ತೇನೆ. ಡಾಕ್ಟರಲ್ಲ, ಆದರೂ ಚಾಚಾ ಬೀದಿಗೆಲ್ಲ ಕೇಳುವಂತೆ "ಡಾಕ್ಟ್ರಮ್ಮಾ" ಎನ್ನುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಅವರು ಮಲಗುವುದನ್ನೂ ಬಿಟ್ಟರು. ಗೋಡೆಗೆ ಒರಗಿ ಕೂತೇ ನಿದ್ದೆ. ಚಾಚಿ ಗೊಣಗಿದರೆ, "ಕುದುರೆ ನಿಂತೇ ನಿದ್ದೆ ಹೊಡೀತದೆ. ನಾನು ಕೂತಾದ್ರೂ ಇದೀನಲ್ಲ, ಸುಮ್ನಿರು!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಒಂದು ವರ್ಷ ನಕ್ಕೆ.

ಪಾದ ಊದಿ ಚಪ್ಪಲಿ ಹಿಡಿಸದಂತಾದಾಗ ಚಾಚಿ ಅವರನ್ನು ನನ್ನ ಬಳಿಗೆ ಕರೆತಂದರು. ಎಡಮಗ್ಗುಲಾಗಿ ಮಲಗಿ ಎಂದೆ.

"ಮಲಗಲ್ಲ."

"ಎರಡೇ ನಿಮಿಷ, ಚಾಚಾ."

ಮಲಗಿದರು. ಅರ್ಧ ನಿಮಿಷಕ್ಕೆ ತುಟಿ ನೀಲಿಗಟ್ಟಿತು. ಮಂಚದ ಕಂಬಿ ಹಿಡಿದು ಎದ್ದು ಕೂತು, ಬಾಯಿ ತೆರೆದು ಉಸಿರೆಳೆದುಕೊಂಡರು. ಆಗ ನನಗೆ ತಿಳಿಯಿತು. ಅವರು ಮಲಗುವುದನ್ನು ಬಿಟ್ಟಿರಲಿಲ್ಲ. ಅವರಿಗೆ ಮಲಗಲು ಆಗುತ್ತಿರಲಿಲ್ಲ.

ಕೂರಿಸಿಯೇ ಸ್ಕ್ಯಾನ್ ಮಾಡಿದೆ. ಹೃದಯದ ಮೇಲಿನ ಕೋಣೆಗಳು ಹಿಂಡುತ್ತಿರಲಿಲ್ಲ, ಅದುರುತ್ತಿದ್ದವು. ಒಂದು ಬಡಿತಕ್ಕೂ ಮುಂದಿನದಕ್ಕೂ ತಾಳೆಯಿರಲಿಲ್ಲ. ಆ ಹುಚ್ಚು ಓಟಕ್ಕೆ ಸಿಕ್ಕಿ ಕೆಳಗಿನ ಕೋಣೆಯ ಸ್ನಾಯು ಹಿಗ್ಗಿ, ತೆಳುವಾಗಿ, ಸೋತಿತ್ತು.

ಚಾಚಾ ಪರದೆಯನ್ನೇ ನೋಡುತ್ತಿದ್ದರು. "ಇದು ನಂದಾ?"

"ಹ್ಞೂಂ, ಚಾಚಾ."

"ಇಂಥ ಎದೆಯ ಕುದುರೆ ಮೇಲೆ ಯಾರನ್ನೂ ಹತ್ತಿಸ್ತಿರ್ಲಿಲ್ಲ. ಗುಂಡು ಹೊಡೆಸೋಕೂ ಬಿಡ್ತಿರ್ಲಿಲ್ಲ. ದಿನಾ ಒಂದಿಷ್ಟು ದೂರ ನಡೆಸ್ತಿದ್ದೆ."

ಮೊದಲೇ ಬಂದಿದ್ದರೆ ಬಡಿತವನ್ನು ಹದಕ್ಕೆ ತಂದು ಸ್ನಾಯುವನ್ನು ಎಷ್ಟೋ ಉಳಿಸಿಕೊಳ್ಳಬಹುದಿತ್ತೇನೋ ಎಂದರು ಡಾಕ್ಟರು. ಹೊರಗೆ ಬಂದು ನಾನು, "ನಾನು ನಗಬಾರದಿತ್ತು" ಎಂದೆ. ಚಾಚಾ ರೇಗಿದರು: "ನಗಲಿ ಅಂತಾನೇ ಅಂದಿದ್ದು ಕಣಮ್ಮ. ಇಲ್ದಿದ್ರೆ ಅವತ್ತೇ ಹಾಸಿಗೆಗೆ ಕಟ್ತಿದ್ರಿ."

ಮಾತ್ರೆ ನುಂಗಿದರು, ಬಯ್ಯುತ್ತಲೇ ಉಪ್ಪಿನಕಾಯಿ ಬಿಟ್ಟರು. ನಡಿಗೆ ಮಾತ್ರ ಬಿಡಲಿಲ್ಲ. ಮೊದಲು ಕೆರೆ ಏರಿಯ ತೂಬಿನವರೆಗೆ, ಆಮೇಲೆ ಬೀದಿಯ ಕೊನೆಯವರೆಗೆ, ಕಡೆಕಡೆಗೆ ನಮ್ಮ ಗೇಟಿನವರೆಗೆ. ರೆಸ್ಟ್ ತಗೊಳ್ಳಿ ಎಂದವರಿಗೆ, "ಮಲಗಿದ ಕುದುರೆಗೇ ನೊಣ ಮುತ್ತೋದು, ಹೋಗ್ರಯ್ಯ!" ಎನ್ನುತ್ತಿದ್ದರು. ಗೇಟು ತಟ್ಟಿ, ಉಸಿರು ಕೂಡಿಸಿಕೊಂಡು, "ಇವತ್ತೂ ಬಂದೆ ಅಂತ ನಿನ್ ಮಿಷನ್‌ಗೆ ಹೇಳು, ಡಾಕ್ಟ್ರಮ್ಮಾ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಗೇಟು ಸದ್ದಾಗಲಿಲ್ಲ. ಹೋಗಿ ನೋಡಿದೆ. ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಅರ್ಧ ಕುಡಿದ ಟೀ. ದವಡೆಯ ಕೆಳಗೆ ಎರಡು ಬೆರಳಿಟ್ಟೆ. ಒತ್ತಲಿಲ್ಲ, ಸುಮ್ಮನೆ ಇಟ್ಟೆ. ಯಾವುದೂ ಬಂದು ಮುಟ್ಟಲಿಲ್ಲ. ಮಸೀದಿಯಿಂದ ಬಂದವರು ಅವರನ್ನು ಚಾಪೆಯ ಮೇಲೆ ಮಲಗಿಸಿದರು. ಅವರು ಅಂಗಾತ ಮಲಗಿದ್ದನ್ನು ಎಷ್ಟೋ ಕಾಲದ ಮೇಲೆ ನೋಡಿದೆ.

ಈಗ ಸ್ಕ್ಯಾನಿಗೆ ಬಂದವರನ್ನೆಲ್ಲ ಮೊದಲು ಒಂದು ಮಾತು ಕೇಳುತ್ತೇನೆ: ರಾತ್ರಿ ಮಲಗ್ತೀರಾ, ಕೂತಿರ್ತೀರಾ? ಕೆಲವರು ತಮಾಷೆ ಮಾಡುತ್ತಾರೆ. ನಾನು ನಗುವುದಿಲ್ಲ.